ಟಗರಿನ ಉಣ್ಣೆಯ ತೋಳು

ಡಿಸೆಂಬರ್ 9, 1973. ಭಾನುವಾರ

ಬಸ್ಸಿನ ಓನರ್ ವರ್ಷದ ಮೊದಲಿಗೆ ಕೊಟ್ಟಿದ್ದ ಡೈರಿ ಇಷ್ಟು ದಿನ ಖಾಲಿ ಬಿದ್ದಿತ್ತು. ಇವತ್ತು ಕೈಗೆತ್ತಿಕೊಂಡಿದ್ದೇನೆ. ಬರೆಯುವ ಚಟವೇನೂ ನನಗಿಲ್ಲ. ಆದರೆ ಹೊಸದುರ್ಗದಿಂದ ಹೊಳಲ್ಕೆರೆ, ಹೊಳಲ್ಕೆರೆಯಿಂದ ಚಿತ್ರದುರ್ಗ ಅಂತ ದಿನವಿಡೀ ಓಡಾಡಿಕೊಂಡಿದ್ದ ಕಂಡಕ್ಟರ್ ಮುರುಗೇಶಪ್ಪನನ್ನು ಮಂಚದ ಮೇಲೆ ಕೆಡವಿಬಿಟ್ಟರೆ ಅವನಾದರೂ ಏನು ಮಾಡಬೇಕು? ಪೇಪರಿನಲ್ಲಿದ್ದ ಟೆಂಡರ್ ಜಾಹೀರಾತುಗಳನ್ನೂ ಬಿಡದೆ ಓದಿಯಾಯಿತು.

ಬಿ.ದುರ್ಗದ ಗುಡ್ಡಪ್ಪನ ಟಗರನ್ನು ಬಸ್ಸಿನ ಮೇಲೇರಿಸಿ ಕಟ್ಟುತ್ತಿದ್ದೆ. ಅದಕ್ಕೇನನ್ನಿಸಿತೋ, ಗುಮ್ಮಿತು. ಟಗರು ಮೇಲೆಯೇ ಉಳಿಯಿತು, ನಾನು ಕೆಳಗೆ ಬಂದೆ. ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್. ಸಂಕ್ರಾಂತಿ ಕಳೆಯುವವರೆಗೆ ಬಿಚ್ಚುವ ಮಾತೇ ಇಲ್ಲ ಅಂದಿದ್ದಾರೆ ಡಾಕ್ಟರು. ನನ್ನ ಜಾಗಕ್ಕೆ ಓನರ್ ಬೇರೆ ಯಾರನ್ನೋ ಹಾಕಿದ್ದಾನೆ. "ತಾತ್ಕಾಲಿಕ ಅಷ್ಟೇ ಮುರುಗೇಶಣ್ಣ," ಎಂದ ನಮ್ಮ ಡ್ರೈವರ್ ನಾಗಣ್ಣ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಇದು ಸಾಲದು ಅಂತ ಮಗಳು ಚಂದ್ರಿಗೆ ಮೊನ್ನೆ ಕೆಲಸದ ಆರ್ಡರ್ ಬಂದಿದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರು ಮರ್ಕೆರಾ, ಅಂದರೆ ನಮ್ಮ ಮಡಿಕೇರಿ. ಜನವರಿ ಇಪ್ಪತ್ತೊಂದಕ್ಕೆ ಹಾಜರಾಗಬೇಕು, ತಪ್ಪಿದರೆ ಕೆಲಸ ಬೇರೆಯವರ ಪಾಲು. ನಾನು ಬೇಡ ಎಂದೆ. ಇರುವವಳು ಒಬ್ಬಳು, ಹೋಗುವುದು ಕಂಡು ಕೇಳದ ಊರು. ಚಂದ್ರಿ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಹೆಂಡತಿ ಪಾರ್ವತಿ ಬಿಡುವವಳಲ್ಲ.

"ನಿಮ್ಗೆ ಏನು ತೊಂದ್ರೆ ಐತೆ, ಬಾಯಿಬಿಟ್ಟು ಹೇಳ್ರಿ."

"ಅಲ್ಲಿ ಚಳಿ."

"ಚಳಿ ಆದ್ರೆ ಸ್ವೆಟರ್ ಹಾಕ್ಕಂತಾಳೆ."

"ಎಲ್ಲೈತೆ ಸ್ವೆಟರ್? ಎಂಟನೇ ಕ್ಲಾಸ್‌ನಾಗೆ ಶುರು ಮಾಡಿ ಟ್ರಂಕಿನ ತಳಕ್ಕೆ ಹಾಕಿದ್ಲಲ್ಲ, ಅದಾ? ಅದು ಮುಗೀಲಿ, ಆಮೇಲೆ ಮಾತಾಡಾಣ."

ಬಾಯಿಗೆ ಬಂದದ್ದು ಹೇಳಿದ್ದಾದರೂ ಒಳ್ಳೆಯ ಮಾತೇ ಬಂತು. ಇಷ್ಟು ವರ್ಷ ಮುಗಿಯದ್ದು ಇನ್ನು ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತದೆಯೇ?

ಡಿಸೆಂಬರ್ 11

ಚಂದ್ರಿ ಟ್ರಂಕ್ ತೆಗೆದಿದ್ದಾಳೆ. ಮನೆಯೆಲ್ಲ ನುಸಿಗುಳಿಗೆಯ ವಾಸನೆ. ಆಕಾಶನೀಲಿ ಉಲ್ಲನ್. ಬೆನ್ನಿನ ಭಾಗ ಪೂರ್ತಿಯಾಗಿದೆ, ಎದೆಯದು ಅರ್ಧ, ತೋಳುಗಳು ಇಲ್ಲವೇ ಇಲ್ಲ. ಕಲಿಸುತ್ತಿದ್ದ ಟೀಚರಿಗೆ ವರ್ಗವಾಯಿತಂತೆ, ಹೆಣಿಗೆ ಅಲ್ಲಿಗೇ ನಿಂತಿತಂತೆ. ಹಗಲೆಲ್ಲ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸ, ಸಂಜೆ ನನ್ನ ಚಾಕರಿ, ನಡುವೆ ಎರಡು ಸಾಲು ಹೆಣೆಯುತ್ತಾಳೆ. ಹೀಗೆ ಹೋದರೆ ಯುಗಾದಿಗೆ ಮುಗಿದೀತು. ನನಗೇನೂ ಅವಸರವಿಲ್ಲ.

ಡಿಸೆಂಬರ್ 13

ಪ್ಲಾಸ್ಟರಿನೊಳಗೆ ಕಡಿತ. ಮೊಣಕಾಲಿನ ಕೆಳಗೆ, ಸರಿಯಾಗಿ ಕೈ ಹೋಗದ ಜಾಗದಲ್ಲಿ. ಊದಿದೆ, ತಟ್ಟಿದೆ, ಟಗರಿನ ಮನೆತನವನ್ನೆಲ್ಲ ಬೈದೆ. ಜಗ್ಗಲಿಲ್ಲ. ಮನೆಯಲ್ಲಿ ಯಾರೂ ಇಲ್ಲ. ಪಕ್ಕದಲ್ಲೇ ಚಂದ್ರಿಯ ಹೆಣಿಗೆ, ಅದರಲ್ಲೊಂದು ಉದ್ದನೆಯ ಕಡ್ಡಿ. ಎಳೆದುಕೊಂಡು ಪ್ಲಾಸ್ಟರಿನೊಳಕ್ಕೆ ಬಿಟ್ಟೆ. ಅಬ್ಬಬ್ಬಾ! ಆ ಸುಖ ಏನು ಹೇಳಲಿ!

ಕೆರೆದು ಕೆರೆದು ಕಣ್ಣು ಬಿಟ್ಟು ನೋಡಿದರೆ ಹೆಣಿಗೆಯ ಅಂಚಿನಲ್ಲಿ ಸಾಲಾಗಿ ಕುಣಿಕೆಗಳು ಬಾಯಿ ತೆರೆದುಕೊಂಡು ಕೂತಿವೆ. ಅವನ್ನೆಲ್ಲ ಹಿಡಿದುಕೊಂಡಿದ್ದದ್ದು ಆ ಕಡ್ಡಿ ಅಂತ ನನಗೆ ಯಾರು ಹೇಳಿದ್ದರು? ಒಂದನ್ನು ಮುಟ್ಟಿದೆ. ಪುಸಕ್ಕನೆ ಕೆಳಗಿನದರೊಳಗಿಂದ ಜಾರಿತು. ಅದು ಜಾರಿದ್ದಕ್ಕೆ ಅದರ ಕೆಳಗಿನದೂ ಜಾರಿತು. ನೋಡನೋಡುತ್ತಿದ್ದಂತೆ ಏಣಿಯ ಹಾಗೆ ಒಂದು ಗೆರೆ ಬಿದ್ದುಹೋಯಿತು. ಕಿವಿಗೆ ಹಾಕುವ ಪಿನ್ನಿನಿಂದ ಒಂದೊಂದನ್ನೇ ಮೇಲಕ್ಕೆತ್ತಿ ಕೂರಿಸಲು ಹೋದೆ. ಮಧ್ಯಾಹ್ನವೆಲ್ಲ ಅದೇ ಆಯಿತು. ಊಟಕ್ಕೆ ಮುಚ್ಚಿಟ್ಟ ಮುದ್ದೆ ಆರಿ ಕಲ್ಲಾಯಿತು.

ಒಂದು ಮಾತು ಗೊತ್ತಾಯಿತು. ಇದರಲ್ಲಿ ಇರುವುದು ಒಂದೇ ದಾರ! ಹಾಸು ಹೊಕ್ಕು ಏನೂ ಇಲ್ಲ. ಒಂದೇ ದಾರ ತನ್ನ ಕತ್ತಿನೊಳಗೆ ತಾನೇ ತೂರಿ ತೂರಿ ಬಟ್ಟೆಯಾಗಿದೆ. ಇದನ್ನು ಮೊದಲು ಯೋಚಿಸಿದ ಪುಣ್ಯಾತ್ಮ ಯಾರು? ಅವನಿಗೂ ಕಾಲು ಮುರಿದಿತ್ತೋ ಏನೋ.

ಸಂಜೆ ಚಂದ್ರಿ ಬಂದು ನೋಡಿ ಹಾಗೇ ನಿಂತಳು. "ಅಪ್ಪ, ಇದನ್ನ ಯಾರು ಮುಟ್ಟಿದ್ದು?"

"ಬೆಕ್ಕು."

"ಬೆಕ್ಕು ಕಡ್ಡಿ ಕಿತ್ಕಂಡು ನಿಮ್ ಪ್ಲಾಸ್ಟರಿಗೆ ಸಿಗಸ್ತಾ?"

ಕಡ್ಡಿ ತೊಡೆಯ ಹತ್ತಿರ ಇನ್ನೂ ನಿಂತೇ ಇತ್ತು. ಚಂದ್ರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆರ್ಡರ್ ಬಂದ ದಿನದಿಂದ ಅವಳು ನಕ್ಕದ್ದು ನಾನು ಕಂಡಿರಲಿಲ್ಲ.

ಡಿಸೆಂಬರ್ 16

ಕೆಡಿಸಿದವನು ನಾನು, ಸರಿ ಮಾಡುವವನೂ ನಾನೇ ಆಗಬೇಕು. ಅದಕ್ಕೇ ಕಲಿಯುತ್ತಿದ್ದೇನೆ. ಬೇರೆ ಯಾವ ಉದ್ದೇಶವೂ ಇಲ್ಲ. ಸೀದಾ ಹೆಣೆಯುವಾಗ ಕಡ್ಡಿ ಮುಂದಿನಿಂದ ಹೋಗಬೇಕು, ಉಲ್ಟಾ ಹೆಣೆಯುವಾಗ ಹಿಂದಿನಿಂದ. ಎರಡೇ ಎರಡು. ಅದರ ಮೇಲೆ ಇಷ್ಟು ದೊಡ್ಡ ಲೋಕ ನಿಂತಿದೆ. ಮೊದಲ ದಿನ ಕುತ್ತಿಗೆ ಹಿಡಿದುಕೊಂಡಿತು. ಚಂದ್ರಿ, "ದಾರ ಅಷ್ಟು ಬಿಗಿ ಹಿಡೀಬ್ಯಾಡ್ರಿ ಅಪ್ಪ, ಅದೇನು ಓಡಿಹೋಗಲ್ಲ," ಎನ್ನುತ್ತಾಳೆ.

ಇನ್ನೊಂದು ಸಂಗತಿ. ಓದುವ ಕನ್ನಡಕ ಹಾಕಿಕೊಂಡು ನನ್ನ ಬನಿಯನ್ ಹತ್ತಿರ ಹಿಡಿದು ನೋಡಿದೆ. ಅದೂ ಹೆಣಿಗೆಯೇ! ಸಣ್ಣ ಸಣ್ಣ ಕುಣಿಕೆಗಳು. ಲುಂಗಿ ನೇಯ್ದದ್ದು, ಪಾರ್ವತಿಯ ಸೀರೆ ನೇಯ್ದದ್ದು, ಬನಿಯನ್ ಹೆಣೆದದ್ದು. ಐವತ್ತರ ಹತ್ತಿರ ಬಂದೆ, ದಿನಾ ಮೈಮೇಲೆ ಹಾಕಿಕೊಳ್ಳುವುದೇನೆಂದು ಗೊತ್ತಿರಲಿಲ್ಲ. ಪಾರ್ವತಿಯನ್ನು ಕರೆದು ಸೆರಗು ಹಿಡಿದು ನೋಡಿದ್ದಕ್ಕೆ, "ಮಗಳು ಮನೇಲಿದಾಳೆ, ಬಿಡ್ರಿ," ಎಂದು ಗದರಿದಳು.

ಡಿಸೆಂಬರ್ 20

ನಾಗಣ್ಣ ಬಂದ. ಹೆಣಿಗೆಯನ್ನು ಹೊದಿಕೆಯೊಳಗೆ ಸರಿಸಿದೆ. ಅವನೋ ನೇರ ಅದರ ಮೇಲೇ ಕುಂಡೆಯೂರಿ ಕೂತ. ಕೂತಷ್ಟೇ ವೇಗದಲ್ಲಿ ಎದ್ದ. ಗುಟ್ಟು ಬಯಲಾಯಿತು.

"ಏನ್ ಮುರುಗೇಶಣ್ಣ! ಕಳಿಸಾದಿಲ್ಲ ಅನ್ನೋನೂ ನೀನೇ, ಕೂತು ಹೆಣೆಯೋನೂ ನೀನೇ?"

"ಕೆಲಸದ ಮಾತೇ ಬ್ಯಾರೆ, ಸ್ವೆಟರ್ ಮಾತೇ ಬ್ಯಾರೆ. ಸುಮ್ನೆ ಕುಂತ್ಕಳಲೇ."

ಮಾತಿಗೆ ಮಾತು ಬಂದು ಮಡಿಕೇರಿಗೆ ಬಸ್ಸು ಹೇಗೆ ಅಂತ ಕೇಳಿದೆ. ಇಲ್ಲಿಂದ ಅರಸೀಕೆರೆ, ಅಲ್ಲಿಂದ ಹಾಸನ, ಅಲ್ಲಿ ಇಳಿದು ಮತ್ತೊಂದು ಬಸ್ಸಂತೆ. ಬೆಳಿಗ್ಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಸೇರಬಹುದಂತೆ. ಹಾಸನದ ಸ್ಟ್ಯಾಂಡಿನಲ್ಲಿ ಹೆಂಗಸರು ಕೂರುವ ಜಾಗ ಇದೆಯಾ ಅಂತಲೂ ಕೇಳಿದೆ. ಸುಮ್ಮನೆ ಕೇಳಿದ್ದು. ರೂಟು ಅಂದಮೇಲೆ ಕಂಡಕ್ಟರಿಗೆ ಗೊತ್ತಿರಬೇಕು.

ಡಿಸೆಂಬರ್ 23

ಎದೆಯ ಭಾಗ ಕಂಕುಳಿನವರೆಗೆ ಬಂತು. ಈ ಸ್ವೆಟರ್ ಎಂಟನೇ ಕ್ಲಾಸಿನ ಹುಡುಗಿಯ ಅಳತೆಯದ್ದಲ್ಲ, ಇಬ್ಬರು ತೂರುವಷ್ಟು ಅಗಲವಿದೆ. ಯಾಕೆ ಅಂತ ಕೇಳಿದೆ.

"ನಿಮ್ಗೆ ಅಂತ ಹಾಕಿದ್ದು ಅಪ್ಪ. ಫಸ್ಟ್ ಬಸ್ಸಿಗೆ ಹೋಗುವಾಗ ನಡುಗ್ತಾ ಹೋಗ್ತಿದ್ರಲ್ಲ."

ಸಾಲು ತಪ್ಪಿಹೋಗುತ್ತೆ ಅಂತ ತಲೆ ತಗ್ಗಿಸಿ ಹೆಣೆಯುತ್ತಾ ಹೋದೆ.

ಆಮೇಲೆ ಎಕ್ಸ್‌ಚೇಂಜಿನಲ್ಲಿ ಏನು ಮಾಡುತ್ತಾರೆ ಅಂತ ಕೇಳಿದೆ. ಗೋಡೆಯಷ್ಟು ದೊಡ್ಡ ಹಲಗೆ, ತುಂಬ ತೂತುಗಳು. ಈ ಮನೆಯವರು ಆ ಮನೆಯವರನ್ನು ಕೇಳಿದರೆ ಒಂದು ವೈರಿನ ತುದಿ ಈ ತೂತಿಗೆ, ಇನ್ನೊಂದು ತುದಿ ಆ ತೂತಿಗೆ. ಅಷ್ಟಕ್ಕೇ ಇಬ್ಬರ ಮಾತು ಸೇರುತ್ತದೆ. ತಪ್ಪು ತೂತಿಗೆ ಹಾಕಿದರೆ? ಇಬ್ಬರು ಮಾತಾಡುವಾಗ ಆಪರೇಟರಿಗೆ ಕೇಳಿಸುತ್ತದೆಯಾ? ಗಂಡ ಹೆಂಡತಿ ಜಗಳವಾಡಿದರೆ? ಕೇಳಿದಷ್ಟೂ ಕೇಳಬೇಕು ಅನ್ನಿಸಿತು. ಚಂದ್ರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಹಲಗೆ ಬರೆದು ತೋರಿಸಿದಳು. ಪಾರ್ವತಿ ಅದನ್ನು ಒರೆಸಲು ಬಂದರೆ ನಾನೇ ತಡೆದೆ.

ಡಿಸೆಂಬರ್ 26

ಕುತ್ತಿಗೆ. ಬಿಚ್ಚಿದೆ, ಹಾಕಿದೆ. ಬಿಚ್ಚಿದೆ.

ಡಿಸೆಂಬರ್ 29

ಕುತ್ತಿಗೆ ಬಂತು. ಉಲ್ಲನ್ ಮುಗಿಯಿತು. ನಾಗಣ್ಣ ಒಂದು ಎಳೆ ಹಿಡಿದುಕೊಂಡು ಚಿತ್ರದುರ್ಗದ ಅಂಗಡಿಯೆಲ್ಲ ತಿರುಗಿದ. ಆ ನೀಲಿ ಈಗ ಬರುವುದೇ ಇಲ್ಲವಂತೆ. ಬೇರೆ ಬಣ್ಣವೂ ಇಲ್ಲ, ಚಳಿಗಾಲದ ಸರಕು ಖಾಲಿಯಂತೆ.

ತೋಳಿಲ್ಲದ ಸ್ವೆಟರನ್ನು ಮುಗಿದದ್ದು ಅಂತ ಯಾರೂ ಅನ್ನುವುದಿಲ್ಲ. ನಾನು ಗೆದ್ದ ಹಾಗೆಯೇ ಲೆಕ್ಕ. ಚಂದ್ರಿ ಕಡ್ಡಿಗಳನ್ನು ಒರೆಸಿ ಟ್ರಂಕಿಗೆ ಹಾಕಿದಳು. ನನಗೆ ಊಟ ಸೇರಲಿಲ್ಲ.

ಜನವರಿ 1, 1974

ಪ್ರತಿ ವರ್ಷ ಈ ದಿನ ಓನರ್ ಹೊಸ ಡೈರಿ ಕೊಡುತ್ತಿದ್ದ. ಈ ಸಲ ನನ್ನ ಜಾಗದಲ್ಲಿರುವವನಿಗೆ ಕೊಟ್ಟನಂತೆ. ನಾಗಣ್ಣ ಇದನ್ನು ಹೇಳದಿದ್ದರೂ ನಡೆಯುತ್ತಿತ್ತು. ಹಳೆಯದರ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಬಿ.ದುರ್ಗದಿಂದ ಗುಡ್ಡಪ್ಪನ ಹೆಂಡತಿ ಕಾಳಕ್ಕ ಬಂದಳು. ಸೆರಗಿನಲ್ಲಿ ಹುರಿಗಡಲೆ, ಕೈಯಲ್ಲಿ ಒಂದು ತಂಬಿಗೆ ಹಾಲು. ಒಳಗೆ ಬಾ ಅಂದರೂ ಬಾಗಿಲಲ್ಲೇ ನಿಂತಳು.

"ನಮ್ ಟಗರು ಹಿಂಗ್ ಮಾಡ್ತಲ್ಲ ಅಂತ ನಿದ್ದೆ ಬರಲ್ದು ಕಂಡಕ್ಟರಣ್ಣ. ನಮ್ಮನೆಯೋನಿಗೆ ಮುಖ ತೋರ್ಸಾಕೆ ನಾಚ್ಕೆ. ಅದ್ಕೇ ನನ್ನ ಕಳಿಸ್ಯಾನೆ."

ಅವಳ ಕಣ್ಣು ಗೂಟದ ಮೇಲಿನ ನೀಲಿ ಸ್ವೆಟರಿನ ಮೇಲೆ ಬಿತ್ತು. ಒಳಗೆ ಬಂದು ಅದನ್ನು ಇಳಿಸಿ, ಹಿಂದೆ ಮುಂದೆ ತಿರುವಿ, ಎಳೆದು ನೋಡಿದಳು. ಮಗ್ಗ ಇಲ್ಲದೆ ಇದು ಹೇಗಾಯಿತು ಎಂದು ಕೇಳಿದಳು. ಕಡ್ಡಿ ತರಿಸಿ, ಉಲ್ಲನ್ ಇಲ್ಲದ್ದಕ್ಕೆ ಗೋಣಿದಾರದಲ್ಲೇ ಹೆಣೆದು ತೋರಿಸಿದೆ. ಇಬ್ಬರೂ ಬಾಗಿಕೊಂಡು ನೋಡುತ್ತಾ ಕೂತಿದ್ದೆವು, ಪಾರ್ವತಿ ತಂದಿಟ್ಟ ಕಾಫಿ ಆರಿಹೋಯಿತು.

"ತೋಳಿಗೆ ದಾರ ಇಲ್ಲ ಅಂತ ಬಿಟ್ರಾ? ಆ ಟಗರಿನ ತುಪ್ಪಟನೇ ಕತ್ತರಿಸಿ ನೂತು ಕೊಡ್ತೀನಿ. ಕಾಲು ಮುರಿದಿದ್ದಕ್ಕೆ ಅದೂ ಏನಾರ ಕೊಡ್ಲಿ."

ಜನವರಿ 6

ಕಪ್ಪು ನೂಲು ಬಂತು. ಮನೆಯಲ್ಲಿ ಕುರಿಹಟ್ಟಿಯ ವಾಸನೆ. ಒರಟು, ಒಂದೊಂದು ಕಡೆ ದಪ್ಪ, ಒಂದೊಂದು ಕಡೆ ಸಣ್ಣ. ಆದರೆ ಬೆಚ್ಚಗಿದೆ, ಹೆಣೆಯುವಾಗಲೇ ಅಂಗೈ ಬೆವರುತ್ತದೆ. ನೀಲಿ ಮೈಗೆ ಕಪ್ಪು ತೋಳು ಹೇಗೆ ಕಾಣುತ್ತದೋ ನೋಡಬೇಕು.

ತೋಳಿನ ಉದ್ದಕ್ಕೆ ಚಂದ್ರಿಯ ಕೈ ಅಳೆದುಕೊಂಡೆ. ಸ್ವೆಟರ್ ನನ್ನದಾದರೆ ನನ್ನ ಕೈ ಅಳೆಯಬೇಕಿತ್ತಲ್ಲ ಅಂತ ಪಾರ್ವತಿ ಮೂಗು ತೂರಿಸಿದಳು. ಎದುರಿಗೆ ಸಿಕ್ಕವಳು ಅವಳು, ಅದಕ್ಕೆ ಅಳೆದೆ. ಮಣಿಕಟ್ಟಿನ ಹತ್ತಿರ ಒಂದಿಷ್ಟು ಉದ್ದ ಹೆಚ್ಚಿಗೆ ಬಿಡುತ್ತೇನೆ. ಅಲ್ಲಿ ಜನವರಿಯಲ್ಲಿ ಬೆರಳು ಮರಗಟ್ಟುತ್ತಂತೆ. ತೂತಿಗೆ ವೈರ್ ಹಾಕುವ ಕೈ ಅದು.

ಜನವರಿ 12

ಒಂದು ತೋಳು ಮುಗಿದು ಇನ್ನೊಂದು ಅರ್ಧ ಆಗಿದೆ. ಇವತ್ತು ಸಾಲಿನ ನಡುವೆ ಚಂದ್ರಿ ಕೇಳಿಬಿಟ್ಟಳು. "ಮುಗಿದ್ಮೇಲೂ ಬ್ಯಾಡ ಅಂತೀರಾ ಅಪ್ಪ?"

"ಮೊದ್ಲು ಮುಗೀಲಿ."

"ಬ್ಯಾಡ ಅನ್ನಂಗಿದ್ರೆ ಈಗ್ಲೇ ಅಂದ್ಬಿಡ್ರಿ. ದಿನಾ ಕಾಯಾಕೆ ನನ್ ಕೈಲಾಗಲ್ಲ."

ಅವಳ ಕಣ್ಣು ತುಂಬಿತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಅವಳು ಹೋದ ಮೇಲೆ ನೋಡಿದರೆ ಎರಡು ಸಾಲು ಪೂರಾ ತಪ್ಪು. ಬಿಚ್ಚಿ ಹಾಕಿದೆ.

ಜನವರಿ 16

ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕಾಲು ನನ್ನದು ಅಂತ ನಂಬಲಾಗಲಿಲ್ಲ, ಜೋಳದ ದಂಟಿನ ಹಾಗೆ ಸಣಕಲು. ಕೋಲೂರಿಕೊಂಡು ಅಂಗಳದವರೆಗೆ ನಡೆದೆ.

ಎರಡನೆಯ ತೋಳೂ ಮುಗಿಯಿತು. ಕೂಡಿಸುವುದು ಗೊತ್ತಿಲ್ಲ. ಚಂದ್ರಿ ಹೊಲಿದು ನೋಡಿದಳು. ಸಣ್ಣ ನೀಲಿ ಒಂದು ಕಡೆ ಎಳೆಯುತ್ತದೆ, ದಪ್ಪ ಕಪ್ಪು ಇನ್ನೊಂದು ಕಡೆ. ಅಷ್ಟರಲ್ಲಿ ಸಂತೆಗೆ ಬಂದ ಕಾಳಕ್ಕ ಹಣಿಕಿ ನೋಡಿದಳು. "ಕಂಬಳಿಗೆ ಎರಡು ಪಟ್ಟೆ ಕೂಡ್ಸೋದು ನಮ್ಗೆ ದಿನದ ಕೆಲ್ಸ. ತಗಂಡ್ ಹೋಗ್ತೀನಿ, ಶನಿವಾರ ತರ್ತೀನಿ," ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಪಾರ್ವತಿ ಕೇಳದೆಯೇ ಟ್ರಂಕಿಗೆ ಸೀರೆಗಳನ್ನು ಜೋಡಿಸುತ್ತಿದ್ದಾಳೆ. ಹೋಗಿ ಬಿಟ್ಟುಬರಲು ತನ್ನದೂ ಎರಡು ಸೀರೆ ಇಟ್ಟಿದ್ದಾಳೆ. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಜನವರಿ 19, ಶನಿವಾರ

ಕಾಳಕ್ಕ ಹೇಳಿದ ಹಾಗೆ ಸಂಜೆ ಬಂದಳು. ಮುಖ ಅರಳಿತ್ತು. ಸ್ವೆಟರನ್ನು ಕುರ್ಚಿಯ ಮೇಲಿಟ್ಟಳು. ಅದು ಕೂತುಕೊಂಡಿತು. ನಿಜವಾಗಿಯೂ ಕೂತುಕೊಂಡಿತು! ಎರಡೂ ತೋಳು ಮುಂದಕ್ಕೆ ಚಾಚಿ, ಎದೆಯುಬ್ಬಿಸಿ, ಪೊಲೀಸ್ ಸ್ಟೇಷನ್ನಿಗೆ ದೂರು ಕೊಡಲು ಬಂದವರ ಹಾಗೆ. ತಟ್ಟಿದರೆ ಹಲಗೆಯ ಸದ್ದು.

"ಇದೇನ್ ಮಾಡ್ದೆ ಕಾಳಕ್ಕ?"

"ಹುಣಸೆಬೀಜ ಅರೆದು ಗಂಜಿ ಕುಡಿಸೀನಿ ಕಂಡಕ್ಟರಣ್ಣ. ಎರಡು ಸಲ! ಆ ಸೀಮ್ಯಾಗೆ ಮಳೆ ಬಾಳ ಅಂತಲ್ಲ. ಗಂಜಿ ಕುಡೀದ ಕಂಬಳಿ ಮಳೆ ತಡೆಯಲ್ದು. ಈಗ ನೋಡು, ಒಂದ್ ಹನಿ ಒಳಗೆ ಇಳಿಯಾಕಿಲ್ಲ."

ಇನ್ನೇನು ಹೇಳುವುದು? ಹೊಲಿಗೆ ಮಾತ್ರ ಎಷ್ಟು ಚೆಂದ, ನೀಲಿ ಎಲ್ಲಿ ಮುಗಿದು ಕಪ್ಪು ಎಲ್ಲಿ ಶುರುವಾಯಿತು ಅಂತ ಬೆರಳಿಗೆ ಸಿಗದು. ಪಾರ್ವತಿ ಅವಳಿಗೆ ಊಟ ಹಾಕಿ ಕಳಿಸಿದಳು. ಅವಳು ತಿರುವು ದಾಟಿದ ಮೇಲೆ ಚಂದ್ರಿ ತೊಟ್ಟು ನೋಡಿದಳು. ಕೈ ಮಡಚಲು ಬರುವುದಿಲ್ಲ, ತಲೆ ಮಾತ್ರ ಮೇಲೆ ಆಡುತ್ತದೆ. ನಗಲೂ ಇಲ್ಲ, ಅಳಲೂ ಇಲ್ಲ ಮಗು.

ನಿಜ ಬರೆಯುತ್ತೇನೆ, ಯಾರು ಓದುತ್ತಾರೆ? ಒಂದು ಗಳಿಗೆ ನನಗೆ ಖುಷಿಯಾಯಿತು. ಬೇಡ ಅನ್ನುವ ಕೆಲಸ ನನಗೆ ಉಳಿಯಲಿಲ್ಲ, ಟಗರೇ ಹೇಳಿತು ಅಂದುಕೊಂಡೆ. ಆಮೇಲೆ ಉದ್ದ ಬಿಟ್ಟ ಮಣಿಕಟ್ಟು ಮುಟ್ಟಿ ನೋಡಿದೆ. ಪಾತ್ರೆಯ ತಳಕ್ಕೆ ಹತ್ತಿದ ಮುದ್ದೆಯ ಸೀಕಿನ ಹಾಗೆ ಗಟ್ಟಿ. ಖುಷಿ ನಿಲ್ಲಲಿಲ್ಲ.

ಹಂಡೆಯ ನೀರು ಬಿಸಿ ಮಾಡಲು ಹೊರಟ ಪಾರ್ವತಿಗೆ ಬೇಡ ಎಂದೆ. ಬಿಸಿಗೆ ಉಣ್ಣೆ ಮುದುಡಿಕೊಳ್ಳುತ್ತದೆ ಅಂತ ಕಾಳಕ್ಕನೇ ಹೇಳಿದ್ದಳು. ತಣ್ಣೀರಿಗೆ ಸೀಗೆಕಾಯಿ ಕದಡಿ ಮೂವರೂ ಬಚ್ಚಲಲ್ಲಿ ಕೂತು ನೆನೆಸಿದೆವು, ಹಿಂಡಿದೆವು, ಮತ್ತೆ ನೆನೆಸಿದೆವು. ಲೋಳೆ ಲೋಳೆಯಾಗಿ ಗಂಜಿ ಬಿಟ್ಟಿತು. ಮೆತ್ತಗಾಯಿತು. ಆದರೆ ಕಲ್ಲಿನಷ್ಟು ಭಾರ. ಒಲೆಯ ಹತ್ತಿರ ಹರವಿದ್ದೇವೆ. ಅರಸೀಕೆರೆ ಬಸ್ಸು ಬೆಳಿಗ್ಗೆ ಏಳಕ್ಕೆ.

ಜನವರಿ 20, ಭಾನುವಾರ

ಬಸ್ ಸ್ಟ್ಯಾಂಡಿನಿಂದ ಈಗ ತಾನೇ ಬಂದೆ. ಮನೆಯಲ್ಲಿ ನಾನೊಬ್ಬನೇ. ಎರಡು ದಿನಕ್ಕಾಗುವಷ್ಟು ರೊಟ್ಟಿ, ಚಟ್ನಿಪುಡಿ ಮುಚ್ಚಿಟ್ಟು ಹೋಗಿದ್ದಾಳೆ ಪಾರ್ವತಿ.

ಬೆಳಿಗ್ಗೆ ಎದ್ದಾಗ ಚಂದ್ರಿ ಒಲೆಯ ಮುಂದೆ ಮಾಸಿದ ಸೀರೆಯಲ್ಲೇ ಕೂತಿದ್ದಳು. ಸ್ವೆಟರ್ ಅವಳ ತೊಡೆಯ ಮೇಲಿತ್ತು, ಇನ್ನೂ ತೊಟ್ಟಿಕ್ಕುತ್ತಿತ್ತು. "ಒಣಗಿಲ್ಲ ಅಪ್ಪ," ಎಂದಳು. ಅಷ್ಟೇ. ಒಣಗಲಿಲ್ಲ, ಆದ್ದರಿಂದ ಮುಗಿಯಲಿಲ್ಲ, ಆದ್ದರಿಂದ ಹೋಗುವುದಿಲ್ಲ. ಅವಳೇ ನನ್ನ ಪರವಾಗಿ ತೀರ್ಮಾನ ಮಾಡಿಕೊಂಡು ಕೂತಿದ್ದಳು.

ನನಗೆ ಎಲ್ಲಿತ್ತೋ ಸಿಟ್ಟು. "ಲೇ, ಬಸ್ಸಿಗೆ ಕಿಟಕಿ ಯಾಕವೆ? ಎದ್ದೇಳು, ಸೀರೆ ಉಟ್ಕ! ಕಿಟಕಿ ಕಂಬಿಗೆ ಕಟ್ಟಿದ್ರೆ ಹಾಸನ ಮುಟ್ಟೋದ್ರೊಳಗೆ ಗರಿಗರಿ ಒಣಗ್ತೈತೆ!" ಹೊರಕೆರೆದೇವಪುರದ ಜಾತ್ರೆಗೆ ಹೋಗಿ ಸ್ನಾನ ಮಾಡಿ ಬರುವವರು ಒದ್ದೆ ಪಂಚೆ ಕಿಟಕಿಗೆ ಕಟ್ಟಿದರೆ ಬೈದು ಬಿಚ್ಚಿಸುತ್ತಿದ್ದವನು ನಾನೇ. ಆಗ ಅದು ರೂಲ್ಸು.

ಜಟಕಾ ಹಿಡಿದು ಸ್ಟ್ಯಾಂಡಿಗೆ ಹೋದೆವು. ಎಡಗಡೆ ಬಿಸಿಲು ಬೀಳುವ ಸೀಟು ನಾನೇ ಆರಿಸಿ ಕೂರಿಸಿದೆ. ಸ್ವೆಟರಿನ ಒಂದು ತೋಳನ್ನು ಕಂಬಿಗೆ ಗಂಟು ಹಾಕಿ, ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊ ಎಂದೆ. ಹಾಸನದಲ್ಲಿ ಎಲ್ಲಿ ಇಳಿಯಬೇಕು, ಎಲ್ಲಿ ಕೂರಬೇಕು, ಯಾರನ್ನು ಕೇಳಬಾರದು ಎಲ್ಲ ಹೇಳಿದೆ. ಹೇಳಿದ್ದನ್ನೇ ಮತ್ತೆ ಹೇಳಿದೆ. ಪಾರ್ವತಿ, "ನಾನೂ ಜೊತೇಲಿದೀನಿ ಕಣ್ರಿ," ಎಂದಳು.

ಏಳು ದಾಟಿತ್ತು. ಆ ಬಸ್ಸಿನ ಕಂಡಕ್ಟರ್ ಹೋಟೆಲಿನ ಮುಂದೆ ಟೀ ಹೀರುತ್ತಾ ನಿಂತಿದ್ದ. ಚಂದ್ರಿ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು.

"ಅಪ್ಪ, ಹೋಗು ಅಂತ ನೀವು ಬಾಯಿಬಿಟ್ಟು ಹೇಳ್ಲೇ ಇಲ್ಲ."

ಬಸ್ಸಿನ ತಗಡಿಗೆ ಅಂಗೈಯಿಂದ ಎರಡೇಟು ಬಡಿದು, ಇದ್ದಬದ್ದ ದನಿಯಲ್ಲಿ ಕೂಗಿದೆ: "ರೈಟ್! ಹೋಗ್ಲಿ!"

ಡ್ರೈವರ್ ತನ್ನ ಕಂಡಕ್ಟರೇ ಕೂಗಿದ್ದು ಅಂದುಕೊಂಡು ಗಾಡಿ ಎತ್ತಿಯೇಬಿಟ್ಟ. ಕಂಡಕ್ಟರ್ ಟೀ ಲೋಟ ಅಲ್ಲೇ ಬಿಟ್ಟು, ನನ್ನನ್ನು ಬೈಯುತ್ತಾ, ಹಿಂದೆ ಓಡಿ ಹತ್ತಿಕೊಂಡ. ಚಂದ್ರಿ ಕೈ ಬೀಸಲಿಲ್ಲ, ಎರಡೂ ಕೈಯಲ್ಲಿ ಸ್ವೆಟರಿತ್ತು. ಅದರ ಕಪ್ಪು ತೋಳು ಕಿಟಕಿಯಾಚೆ ಪಟಪಟ ಬಡಿಯುತ್ತಾ ತಿರುವಿನವರೆಗೂ ಕಾಣುತ್ತಿತ್ತು.